ತೇಲುತ್ತಿದ್ದ ಹಡಗನ್ನು ಕ್ಯಾಪ್ಟನ್ ಬ್ರಿಗ್ಸ್ ಬಿಟ್ಟಿಳಿದದ್ದೇಕೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಊರು ಕುಂದಾಪುರದ ಹತ್ತಿರ. ಮಗ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಹಡಗಿನ ಅಧಿಕಾರಿ) ಆಗಿ ಬರುವ ತಿಂಗಳು ಮೊದಲ ಸಲ ಹಡಗು ಹತ್ತುತ್ತಿದ್ದಾನೆ. ಮೊನ್ನೆ ಹಳೆಯ ವಾರಪತ್ರಿಕೆಯೊಂದರಲ್ಲಿ ‘ಮೇರಿ ಸೆಲೆಸ್ಟ್’ ಎಂಬ ಹಡಗಿನ ಕಥೆ ಓದಿದೆ. ನಡುಗಡಲಲ್ಲಿ ಹಡಗು ಸಿಕ್ಕಾಗ ಮೇಜಿನ ಮೇಲೆ ಚಹಾ ಇನ್ನೂ ಬಿಸಿಯಾಗಿತ್ತಂತೆ, ದೋಣಿಗಳು ಇದ್ದಲ್ಲೇ ಇದ್ದವಂತೆ, ಜನ ಮಾತ್ರ ಮಾಯ. ದೈತ್ಯ ಆಕ್ಟೋಪಸ್ ಎಳೆದುಕೊಂಡಿತು ಎಂದು ಕೆಲವರು, ಕುಡಿದ ಖಲಾಸಿಗಳು ಕೊಂದರು ಎಂದು ಕೆಲವರು. ಕ್ಯಾಪ್ಟನ್ ಜೊತೆ ಹೆಂಡತಿ ಮತ್ತು ಎರಡು ವರ್ಷದ ಮಗುವೂ ಇತ್ತಂತೆ. ಅಷ್ಟು ಅನುಭವಸ್ಥನಾದ ಕ್ಯಾಪ್ಟನ್ ಗಟ್ಟಿಮುಟ್ಟಾದ ಹಡಗು ಬಿಟ್ಟು ಪುಟ್ಟ ದೋಣಿಗೆ ಇಳಿದನೆಂದರೆ ಅವನು ಹುಚ್ಚನೋ, ಪುಕ್ಕಲನೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆ ಹಡಗಿನ ಅವಶೇಷ ಈಚೆಗೆ ಸಿಕ್ಕಿದೆ ಎಂದೂ ಬರೆದಿದ್ದರು, ನಿಜವೇ?

ಉತ್ತರ: ನಿಮ್ಮ ಪತ್ರ ಕೇಳುತ್ತಿರುವುದು 1872ರ ಹಡಗಿನ ಬಗ್ಗೆ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ: ಬಲ್ಲವನಾದ ಕ್ಯಾಪ್ಟನ್ ಕೈಲಿ ಹಡಗಿದ್ದರೂ ಹೀಗಾಗುತ್ತದೆ ಅಂದಮೇಲೆ ನನ್ನ ಮಗನ ಗತಿ ಏನು ಎಂದು. ಎರಡಕ್ಕೂ ಉತ್ತರಿಸುತ್ತೇನೆ. ನನ್ನ ನೌಕರಿಯ ಬಹುಪಾಲು ಕೆಮಿಕಲ್ ಟ್ಯಾಂಕರ್‌ಗಳಲ್ಲಿ ಕಳೆದದ್ದು. ಮೇರಿ ಸೆಲೆಸ್ಟ್ ಹೊತ್ತಿದ್ದ ಸರಕನ್ನೇ, ಅಂದರೆ ಆಲ್ಕೋಹಾಲನ್ನು, ನಾನೂ ಸಾಗಿಸಿದ್ದೇನೆ. ಹಾಗಾಗಿ ಈ ಕಥೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಕಾರ್ಗೊ ಕಡೆಗೆ.

ಮೊದಲು ಬಿಸಿ ಚಹಾ. ಅದು ಇರಲೇ ಇಲ್ಲ. ಹಡಗನ್ನು ಕಂಡವರು ‘ಡೈ ಗ್ರಾಷಿಯಾ’ ಎಂಬ ಕೆನಡಾ ಹಡಗಿನವರು. ಅದರ ಕ್ಯಾಪ್ಟನ್ ಡೇವಿಡ್ ಮೋರ್‌ಹೌಸ್. 1872ರ ಡಿಸೆಂಬರ್ 4ರಂದು, ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ. ಆತನ ಮೇಟ್ (ಕ್ಯಾಪ್ಟನ್ ಕೆಳಗಿನ ಅಧಿಕಾರಿ) ಆಲಿವರ್ ಡೆವೋ ಹಡಗು ಹತ್ತಿ ನೋಡಿ, ಆಮೇಲೆ ಜಿಬ್ರಾಲ್ಟರ್‌ನ ಕೋರ್ಟಿನಲ್ಲಿ ಹೇಳಿಕೆ ಕೊಟ್ಟ. ಆ ಹೇಳಿಕೆಯ ಪ್ರಕಾರ ಅಡುಗೆ ಪಾತ್ರೆಗಳನ್ನು ಒಪ್ಪವಾಗಿ ಎತ್ತಿಡಲಾಗಿತ್ತು, ಬೇಯಿಸಿಟ್ಟ ಅಡುಗೆ ಏನೂ ಇರಲಿಲ್ಲ. ಕ್ಯಾಬಿನ್ ಒಳಗೆಲ್ಲ ನೀರು ನುಗ್ಗಿ ಒದ್ದೆಯಾಗಿತ್ತು. ದೋಣಿಗಳು ಇದ್ದಲ್ಲೇ ಇದ್ದವು ಎಂಬುದೂ ಸುಳ್ಳು. ಆ ಹಡಗಿಗೆ ಇದ್ದದ್ದೇ ಒಂದು ಚಿಕ್ಕ ಬೋಟು, ಅದು ಕಾಣೆಯಾಗಿತ್ತು. ಬೋಟು ಇಳಿಸಲೆಂದು ಅಂಚಿನ ಕಟಕಟೆಯ ಒಂದು ತುಂಡನ್ನು ತೆಗೆದಿಟ್ಟಿದ್ದರು ಕೂಡ.

ಹಾಗಾದರೆ ಬಿಸಿ ಚಹಾ ಬಂದದ್ದೆಲ್ಲಿಂದ? ಕಥೆಗಾರರಿಂದ. 1884ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಹೆಸರು ಹಾಕದೆ ಒಂದು ಕಥೆ ಬಂತು. ಬರೆದವನು ಆರ್ಥರ್ ಕಾನನ್ ಡಾಯ್ಲ್ ಎಂಬ ಯುವ ವೈದ್ಯ. ಷರ್ಲಾಕ್ ಹೋಮ್ಸ್ ಇನ್ನೂ ಹುಟ್ಟಿರಲಿಲ್ಲ. ದೋಣಿಗಳು ಇದ್ದಲ್ಲೇ ನೇತಾಡುತ್ತಿದ್ದವು ಎಂದು ಆತ ಬರೆದ. ಕಥೆಗೆ ಅದು ಬೇಕಿತ್ತು. ಓದಿದವರು ನಿಜವೆಂದುಕೊಂಡರು, ಮುಂದಿನವರು ಊಟ ತಿಂಡಿ ಸೇರಿಸಿದರು. ದೋಣಿ ಹಡಗಲ್ಲೇ ಇತ್ತು ಅಂದಮೇಲೆ ಜನ ಹೋದದ್ದಾದರೂ ಎಲ್ಲಿಗೆ? ಆಕ್ಟೋಪಸ್ ಬರಲೇಬೇಕಾಯಿತು.

ಈಗ ಮನುಷ್ಯನ ಬಗ್ಗೆ. ಬೆಂಜಮಿನ್ ಸ್ಪೂನರ್ ಬ್ರಿಗ್ಸ್ ಹುಟ್ಟಿದ್ದು 1835ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ವೇರ್‌ಹ್ಯಾಮ್‌ನಲ್ಲಿ. ಅಪ್ಪ ನೇಥನ್ ಕ್ಯಾಪ್ಟನ್. ಐವರು ಗಂಡುಮಕ್ಕಳಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಕಡಲಿಗೆ ಹೋದವರೇ. ಬ್ರಿಗ್ಸ್ ಕುಡಿಯುತ್ತಿರಲಿಲ್ಲ, ದಿನಾ ಬೈಬಲ್ ಓದುತ್ತಿದ್ದ. 1862ರಲ್ಲಿ ಸಾರಾ ಕಾಬ್‌ಳನ್ನು ಮದುವೆಯಾದ. ಮಧುಚಂದ್ರಕ್ಕೆ ಹೋದದ್ದೂ ತನ್ನದೇ ಕಮಾಂಡಿನ ‘ಫಾರೆಸ್ಟ್ ಕಿಂಗ್’ ಹಡಗಿನಲ್ಲಿ, ಮೆಡಿಟರೇನಿಯನ್ ಕಡೆಗೆ. ಆಮೇಲೆ ‘ಆರ್ಥರ್’, ‘ಸೀ ಫೋಮ್’ ಹಡಗುಗಳನ್ನು ನಡೆಸಿದ. ನಡುವೆ ತಮ್ಮ ಆಲಿವರ್ ಜೊತೆ ಸೇರಿ ಕಡಲು ಬಿಟ್ಟು ಹಾರ್ಡ್‌ವೇರ್ ಅಂಗಡಿ ಇಡುವ ಯೋಚನೆಯೂ ಆಗಿತ್ತು. ಕೊನೆಗೆ ಇಬ್ಬರೂ ದುಡ್ಡನ್ನು ಒಂದೊಂದು ಹಡಗಿಗೇ ಹಾಕಿದರು.

ಈ ಕೊನೆಯ ಮಾತು ಮುಖ್ಯ. ಮೇರಿ ಸೆಲೆಸ್ಟ್‌ನ ಮೂರನೇ ಒಂದು ಪಾಲು ಬ್ರಿಗ್ಸ್‌ನದೇ. ಸಂಬಳಕ್ಕೆ ದುಡಿಯುವ ಕ್ಯಾಪ್ಟನ್ ಹಡಗು ಬಿಡುವುದಕ್ಕೂ ಜೀವಮಾನದ ಗಳಿಕೆ ಇಟ್ಟವನು ಬಿಡುವುದಕ್ಕೂ ವ್ಯತ್ಯಾಸ ಇದೆ. ಜೊತೆಗೆ ಏಳು ವರ್ಷದ ಮಗ ಆರ್ಥರ್‌ನನ್ನು ಓದಿಗೆಂದು ಅಜ್ಜಿಯ ಬಳಿ ಬಿಟ್ಟು ಬಂದಿದ್ದ. ಮರಳಿ ಹೋಗದಿರಲು ಅವನಿಗೆ ಯಾವ ಕಾರಣವೂ ಇರಲಿಲ್ಲ.

ಹಡಗಿನ ಚರಿತ್ರೆ ಅಷ್ಟು ಚೊಕ್ಕದ್ದಲ್ಲ. 1861ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಸ್ಪೆನ್ಸರ್ಸ್ ಐಲೆಂಡ್‌ನಲ್ಲಿ ‘ಅಮೆಜಾನ್’ ಎಂಬ ಹೆಸರಲ್ಲಿ ನೀರಿಗಿಳಿದ ಎರಡು ಕೂವೆಮರದ ಹಾಯಿಹಡಗು ಅದು. ಮೊದಲ ಕ್ಯಾಪ್ಟನ್ ಮೊದಲ ಯಾನದಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. 1867ರಲ್ಲಿ ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿತ್ತು, ಮಾಲೀಕರು ಕೈಬಿಟ್ಟರು. ಅಮೆರಿಕದವರು ಕೊಂಡು, ಹೊಸ ಹೆಸರಿಟ್ಟು, 1872ರಲ್ಲಿ 10,000 ಡಾಲರ್ ಖರ್ಚು ಮಾಡಿ ದೊಡ್ಡದು ಮಾಡಿದರು: 103 ಅಡಿ ಉದ್ದ, 282 ಟನ್. ‘ಶಾಪಗ್ರಸ್ತ ಹಡಗು’ ಎನ್ನುವವರು ಈ ಪಟ್ಟಿಯನ್ನೇ ಓದುತ್ತಾರೆ. ಹತ್ತೊಂಬತ್ತನೇ ಶತಮಾನದ ಯಾವ ಸಣ್ಣ ಸರಕು ಹಡಗನ್ನು ತೆಗೆದುಕೊಂಡರೂ ಇಂಥದ್ದೇ ಪಟ್ಟಿ ಸಿಗುತ್ತದೆ. ಹೊರಡುವ ಮುಂಚೆ ಬ್ರಿಗ್ಸ್ ತಾಯಿಗೆ ಕಾಗದ ಬರೆದು, ಹಡಗು ಚೆನ್ನಾಗಿ ಸಜ್ಜಾಗಿದೆ, ಯಾನ ಸುಖವಾಗಿ ಆಗುತ್ತದೆಂಬ ನಂಬಿಕೆ ಇದೆ ಎಂದಿದ್ದ.

ನವೆಂಬರ್ 7ರಂದು ನ್ಯೂಯಾರ್ಕಿನಿಂದ ಇಟಲಿಯ ಜಿನೋವಾಕ್ಕೆ ಹೊರಟರು. ಬ್ರಿಗ್ಸ್, ಸಾರಾ, ಮಗು ಸೋಫಿಯಾ, ಏಳು ಮಂದಿ ಸಿಬ್ಬಂದಿ. ಒಟ್ಟು ಹತ್ತು ಜನ. ಒಡಲಲ್ಲಿ 1,701 ಪೀಪಾಯಿ ಆಲ್ಕೋಹಾಲ್.

ಹದಿನೆಂಟು ದಿನಗಳ ನಂತರ, ನವೆಂಬರ್ 25ರ ಬೆಳಿಗ್ಗೆ 8 ಗಂಟೆಗೆ, ಹಡಗು ಎಲ್ಲಿದೆ ಎಂದು ಗುರುತಿಡುವ ಸ್ಲೇಟಿನ ಮೇಲೆ ಕೊನೆಯ ಬರಹ. ಅಜೋರ್ಸ್‌ನ ಸಾಂತಾ ಮಾರಿಯಾ ದ್ವೀಪ ಆರು ಮೈಲಿ ದೂರದಲ್ಲಿತ್ತು. ಅಲ್ಲಿಂದ ಒಂಬತ್ತು ದಿನದ ಮೇಲೆ, ಸುಮಾರು 400 ನಾಟಿಕಲ್ ಮೈಲಿ ಪೂರ್ವದಲ್ಲಿ ಡೆವೋ ಕಂಡದ್ದನ್ನು ಕೇಳಿ. ಕೆಲವು ಹಾಯಿಗಳು ಮಡಚಿದ್ದವು, ಎರಡು ಗಾಳಿಗೆ ಹರಿದು ಹೋಗಿದ್ದವು, ಕೆಲವು ಬಿಚ್ಚಿಕೊಂಡೇ ಇದ್ದವು. ಚುಕ್ಕಾಣಿಯನ್ನು ಯಾರೂ ಕಟ್ಟಿರಲಿಲ್ಲ. ದಿಕ್ಸೂಚಿಯ ಪೆಟ್ಟಿಗೆ ಜಾರಿ ಗಾಜು ಒಡೆದಿತ್ತು. ನಡುವಿನ ದೊಡ್ಡ ಹ್ಯಾಚ್, ಅಂದರೆ ಒಡಲಿಗೆ ಇಳಿಯುವ ಬಾಯಿ, ಭದ್ರವಾಗಿ ಮುಚ್ಚಿತ್ತು. ಮುಂದಿನದೂ ಹಿಂದಿನದೂ ತೆರೆದು, ಮುಚ್ಚಳಗಳು ಪಕ್ಕದಲ್ಲೇ ಬಿದ್ದಿದ್ದವು. ಒಡಲಲ್ಲಿ ಮೂರೂವರೆ ಅಡಿ ನೀರು. ಎರಡು ಪಂಪುಗಳಲ್ಲಿ ಒಂದನ್ನು ಬಿಚ್ಚಿದ್ದರು, ನೀರಿನ ಆಳ ನೋಡುವ ಸೌಂಡಿಂಗ್ ರಾಡ್ ಡೆಕ್ ಮೇಲೆ ಬಿದ್ದಿತ್ತು. ನಡುಗಡಲಲ್ಲಿ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಲು ಬೇಕಾದ ಕ್ರೊನೊಮೀಟರ್ (ನಿಖರ ಗಡಿಯಾರ), ಸೆಕ್ಸ್ಟಂಟ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ), ಹಡಗಿನ ಕಾಗದಪತ್ರ ಇರಲಿಲ್ಲ. ಖಲಾಸಿಗಳ ಬಟ್ಟೆಬರೆ, ಬೂಟು, ಕೊನೆಗೆ ಸೇದುವ ಪೈಪುಗಳೂ ಇದ್ದಲ್ಲೇ ಇದ್ದವು.

ಈ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ನಾವಿಕ ಪೈಪು ಬಿಟ್ಟು ಹೋದನೆಂದರೆ ಗಡಿಬಿಡಿ ಇತ್ತು. ಕ್ಯಾಪ್ಟನ್ ಕ್ರೊನೊಮೀಟರ್, ಸೆಕ್ಸ್ಟಂಟ್ ತೆಗೆದುಕೊಂಡನೆಂದರೆ ತಲೆ ಕೆಟ್ಟಿರಲಿಲ್ಲ. ಹುಚ್ಚನಾಗಲಿ ಕೊಲೆಗಾರನಾಗಲಿ ಬೋಟು ಇಳಿಸಲು ಕಟಕಟೆ ಬಿಚ್ಚಿ ಪಕ್ಕಕ್ಕಿಡುವುದಿಲ್ಲ. ಹತ್ತು ಜನರನ್ನೂ ಕ್ಯಾಪ್ಟನ್ನೇ ಕ್ರಮವಾಗಿ, ಆದರೆ ಅವಸರದಲ್ಲಿ ಇಳಿಸಿದ್ದಾನೆ.

ದಂಗೆ, ಕೊಲೆ ಎಂಬ ಅನುಮಾನಕ್ಕೆ ಕಾರಣ ಜಿಬ್ರಾಲ್ಟರ್‌ನ ಅಟಾರ್ನಿ ಜನರಲ್ ಫ್ರೆಡರಿಕ್ ಸಾಲಿ-ಫ್ಲಡ್. ಕ್ಯಾಪ್ಟನ್ನನ ಹಾಸಿಗೆಯಡಿ ಸಿಕ್ಕ ಕತ್ತಿಯ ಕಲೆ ರಕ್ತವೆಂದೂ, ಖಲಾಸಿಗಳು ಸರಕಿನ ಸ್ಪಿರಿಟ್ ಕುಡಿದು ಎಲ್ಲರನ್ನೂ ಕಡಿದರೆಂದೂ ಆತ ಹಟ ಹಿಡಿದ. ವೈದ್ಯರು ಪರೀಕ್ಷಿಸಿದರು, ರಕ್ತ ಅಲ್ಲ ಎಂದಾಯಿತು. ಮುಂಭಾಗದಲ್ಲಿ ಕಂಡ ಗೀರುಗಳು ಸಮುದ್ರದ ಹೊಡೆತದವು ಎಂದು ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಶೂಫೆಲ್ಟ್ ಹೇಳಿದ. ಬೆಲೆಬಾಳುವ ವಸ್ತುಗಳೂ ಹಡಗಿನಲ್ಲೇ ಉಳಿದಿದ್ದವು. ಕೋರ್ಟು ಮೋರ್‌ಹೌಸ್ ತಂಡಕ್ಕೆ ಸಾಲ್ವೇಜ್, ಅಂದರೆ ಹಡಗನ್ನು ಉಳಿಸಿ ತಂದದ್ದಕ್ಕೆ ಸಲ್ಲುವ ಹಣ, ಕೊಟ್ಟಿತು, ಆದರೆ 1,700 ಪೌಂಡ್ ಮಾತ್ರ. ಹಡಗು, ಸರಕು ಸೇರಿದ ಬೆಲೆಯ ಸುಮಾರು ಐದನೇ ಒಂದು ಭಾಗ. ದಿಕ್ಕಿಲ್ಲದ ಹಡಗನ್ನು ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಮೂರೇ ಮಂದಿ ನಡೆಸಿ ತಂದದ್ದಕ್ಕೆ ಅದು ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಅನುಮಾನ ಪೂರ್ತಿ ಹೋಗಿರಲಿಲ್ಲ ಎಂದು ಆ ಮೊತ್ತವೇ ಹೇಳುತ್ತದೆ.

ಇನ್ನು ಸರಕು. ಜಿನೋವಾದಲ್ಲಿ ಇಳಿಸಿ ಎಣಿಸಿದಾಗ ಒಂಬತ್ತು ಪೀಪಾಯಿ ಖಾಲಿ ಇದ್ದವು. ಅವು ಕೆಂಪು ಓಕ್ ಮರದವಂತೆ. ಉಳಿದವು ಬಿಳಿ ಓಕ್. ಕೆಂಪು ಓಕ್‌ನಲ್ಲಿ ಸೂಕ್ಷ್ಮ ರಂಧ್ರಗಳು ತೆರೆದೇ ಇರುತ್ತವೆ, ದ್ರವ ಜಿನುಗುತ್ತದೆ. ಅಂದರೆ ಮುಚ್ಚಿದ ಒಡಲೊಳಗೆ ಒಂಬತ್ತು ಪೀಪಾಯಿ ಸ್ಪಿರಿಟ್ ಆವಿಯಾಗುತ್ತಾ, ತಳದ ನೀರಿಗೆ ಸೇರುತ್ತಾ ಬಂದಿತ್ತು.

ಟ್ಯಾಂಕರಿನವರಿಗೆ ಬೇಗ ಹೊಳೆಯುವ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆಲ್ಕೋಹಾಲ್ ಆವಿ ಗಾಳಿಯಲ್ಲಿ ಶೇಕಡ 3.3ರಿಂದ 19ರವರೆಗೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೆಂಕಿ ಹಿಡಿಯದು, ಹೆಚ್ಚಾದರೂ ಹಿಡಿಯದು. ಪೆಟ್ರೋಲ್ ತುಂಬಿದ ಮುಚ್ಚಿದ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಆವಿ ಅತಿಯಾಗಿ, ಉರಿಯಲು ಬೇಕಾದ ಗಾಳಿಯೇ ಸಾಲುವುದಿಲ್ಲ. ಆಲ್ಕೋಹಾಲ್ ಹಾಗಲ್ಲ. ಸೊನ್ನೆ ಡಿಗ್ರಿಯ ಹತ್ತಿರ ಮುಚ್ಚಿದ ಜಾಗದಲ್ಲಿ ಅದರ ಆವಿ ಶೇಕಡ ಎರಡನ್ನೂ ಮುಟ್ಟುವುದಿಲ್ಲ. ಸುಮಾರು 13 ಡಿಗ್ರಿ ದಾಟಿತೋ, ಅಪಾಯದ ಗೆರೆಯೊಳಗೆ ಬರುತ್ತದೆ. 20 ಡಿಗ್ರಿಯಲ್ಲಿ ಶೇಕಡ ಆರರ ಹತ್ತಿರ. ಆ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ.

ಈಗ ಯಾನದ ದಾರಿ ನೋಡಿ. ನವೆಂಬರಿನ ನ್ಯೂಯಾರ್ಕಿನಲ್ಲಿ, ಚಳಿಯಲ್ಲಿ, ಸರಕು ತುಂಬಿದ್ದಾರೆ. ಎರಡೂವರೆ ವಾರದಲ್ಲಿ ಅಜೋರ್ಸ್ ಬಳಿಯ ಬೆಚ್ಚಗಿನ ನೀರಿಗೆ ಬಂದಿದ್ದಾರೆ. ಒರಟು ಸಮುದ್ರ ಇದ್ದ ದಿನಗಳಲ್ಲಿ ಹ್ಯಾಚ್ ಮುಚ್ಚಿಯೇ ಇರಬೇಕು. ಬಂದರಿನಲ್ಲಿ ನಿರಪಾಯವಾಗಿದ್ದ ಅದೇ ಸರಕು ನಡುದಾರಿಯಲ್ಲಿ ಹದಗೊಂಡು ಕೂತಿತ್ತು. ಹ್ಯಾಚ್ ತೆರೆದ ಕ್ಷಣ ವಾಸನೆ ಭಗ್ಗನೆ ಮುಖಕ್ಕೆ ಹೊಡೆದಿರಬೇಕು. ಅಡುಗೆಮನೆಯಲ್ಲಿ ಬೆಂಕಿ ಇದೆ, ದೀಪ ಇದೆ, ಯಾರದೋ ಬಾಯಲ್ಲಿ ಪೈಪು ಇದೆ. ಆವಿ ಎಷ್ಟಿದೆ ಎಂದು ಅಳೆಯುವ ಉಪಕರಣ ಆ ಕಾಲಕ್ಕೆ ಯಾವ ಹಡಗಿನಲ್ಲೂ ಇರಲಿಲ್ಲ.

ಸ್ಫೋಟವೇ ಆಯಿತು ಎನ್ನುವವರೂ ಇದ್ದಾರೆ. ಹಾಗಿದ್ದರೆ ಸುಟ್ಟ ಗುರುತೆಲ್ಲಿ ಎಂಬುದು ಹಳೆಯ ಆಕ್ಷೇಪ. 2006ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನ ವಿಜ್ಞಾನಿ ಆಂಡ್ರಿಯಾ ಸೆಲ್ಲಾ ಮಾದರಿ ಒಡಲೊಂದರಲ್ಲಿ ಪೀಪಾಯಿಗಳ ಬದಲು ಕಾಗದದ ಪೆಟ್ಟಿಗೆಗಳನ್ನಿಟ್ಟು ಬ್ಯೂಟೇನ್ ಅನಿಲ ಹೊತ್ತಿಸಿ ತೋರಿಸಿದರು. ಬೆಂಕಿಯ ಅಲೆ ಎದ್ದು ಹೋಯಿತು, ಕಾಗದ ಕಪ್ಪಾಗಲೂ ಇಲ್ಲ. ಹಾಗಾಗಿ ಆ ಆಕ್ಷೇಪ ನಿಲ್ಲುವುದಿಲ್ಲ. ಆದರೂ ದೊಡ್ಡ ಹ್ಯಾಚ್ ಅಲುಗದೆ ಮುಚ್ಚಿಯೇ ಇತ್ತಲ್ಲ, ಅದು ನನ್ನನ್ನು ಕಾಡುತ್ತದೆ. ಸ್ಫೋಟ ಆಗಿರಲೇಬೇಕೆಂದೇನೂ ಇಲ್ಲ. ಆದೀತೆಂಬ ಭಯ ಸಾಕು.

ಇನ್ನೊಂದು ವಾದ ನೀರಿನದು. ಬಿಚ್ಚಿದ ಪಂಪು, ಡೆಕ್ ಮೇಲಿನ ರಾಡ್ ನೋಡಿದರೆ ಕೊನೆಯ ಹೊತ್ತಿನಲ್ಲಿ ಯಾರೋ ನೀರಿನ ಆಳ ಅಳೆಯುತ್ತಿದ್ದರು. ಪೀಪಾಯಿಗಳನ್ನು ಒತ್ತೊತ್ತಾಗಿ ಜೋಡಿಸಿದ ಒಡಲಲ್ಲಿ ಇಳಿದು ಕಣ್ಣಾರೆ ನೋಡಲು ಆಗುವುದಿಲ್ಲ, ಆ ಕೋಲನ್ನೇ ನಂಬಬೇಕು. ಪಂಪು ಕಟ್ಟಿಕೊಂಡಿದ್ದರೆ, ಕೋಲು ತಪ್ಪು ತೋರಿಸಿದ್ದರೆ, ಹಡಗು ಮುಳುಗುತ್ತಿದೆ ಎಂದೇ ಅನ್ನಿಸೀತು. ನಿಜವಾಗಿ ಮೂರೂವರೆ ಅಡಿ ಅಷ್ಟು ದೊಡ್ಡ ನೀರಲ್ಲ. ಡೆವೋನ ಸಣ್ಣ ತಂಡವೇ ಅದನ್ನು ಹೊರಹಾಕಿತು. ಆವಿಯ ಭಯ, ನೀರಿನ ಭಯ ಎರಡೂ ಒಂದೇ ಬೆಳಿಗ್ಗೆ ಒಟ್ಟಿಗೆ ಬಂದಿರಬಹುದು ಎಂಬುದು ನನ್ನ ಲೆಕ್ಕ. ಎರಡರಲ್ಲೂ ಬ್ರಿಗ್ಸ್‌ನ ತೊಂದರೆ ಒಂದೇ: ತನ್ನ ಕಾಲಡಿಯ ಒಡಲೊಳಗೆ ಏನಾಗುತ್ತಿದೆ ಎಂದು ತಿಳಿಯಲು ಅವನಿಗೆ ದಾರಿ ಇರಲಿಲ್ಲ.

ಅವನ ಮುಂದಿದ್ದ ಆಯ್ಕೆಗಳನ್ನು ಚಾರ್ಟಿನ ಮುಂದೆ ಕೂತವನಂತೆ ಯೋಚಿಸೋಣ. ಹಡಗಿನಲ್ಲೇ ಉಳಿದು ಬೆಂಕಿ ಆರಿಸಿ, ಹ್ಯಾಚ್ ತೆರೆದು ಗಾಳಿಯಾಡಿಸಿ, ಪಂಪು ಹೊಡೆಯಬಹುದಿತ್ತು. ಊಹೆ ತಪ್ಪಿದರೆ ಹತ್ತೂ ಜನ ಒಂದೇ ಏಟಿಗೆ ಹೋಗುತ್ತಾರೆ. ಸಾಂತಾ ಮಾರಿಯಾ ಕಡೆಗೆ ತಿರುಗಿಸಬಹುದಿತ್ತು. ಕಡಿದಾದ ಬಂಡೆಗಳ ದಡ ಅದು, ಗಾಳಿ ಬದಲಾದರೆ ಹಾಯಿಹಡಗು ಬಂಡೆಗೇ ಬೀಳುತ್ತದೆ. ಬೋಟಿನಲ್ಲೇ ದ್ವೀಪಕ್ಕೆ ಹುಟ್ಟು ಹಾಕಬಹುದಿತ್ತು. ಹತ್ತು ಜನ ತುಂಬಿದ ಚಿಕ್ಕ ಬೋಟಿಗೆ ಅಲ್ಲಿನ ಅಲೆಯಲ್ಲಿ ಆರು ಮೈಲಿ ಬಹಳ ದೂರ. ಉಳಿದದ್ದು, ಬೋಟನ್ನು ಉದ್ದ ಹಗ್ಗದಿಂದ ಹಡಗಿನ ಹಿಂಬದಿಗೆ ಕಟ್ಟಿ, ಎಲ್ಲರೂ ಅದರಲ್ಲಿ ಕೂತು, ಒಡಲು ಗಾಳಿಯಾಡುವವರೆಗೆ ಕಾದು ನೋಡುವುದು. ಹಾಯಿ ಏರಿಸುವ ಮುಖ್ಯ ಹಗ್ಗವೊಂದು ತುಂಡಾಗಿದ್ದದ್ದು ಡೆವೋನ ಕಣ್ಣಿಗೆ ಬಿದ್ದಿತ್ತು. ಬೋಟು ಕಟ್ಟಿದ್ದು ಅದರಿಂದಲೇ ಎಂದು ಈ ಕಥೆ ಅಧ್ಯಯನ ಮಾಡಿದ ಅನೇಕರು ನಂಬುತ್ತಾರೆ. ನಾನೂ ಆ ಗುಂಪಿನವನೇ.

ನಿರ್ಧಾರಕ್ಕೆ ಕಾಲಾವಕಾಶವೂ ಇರಲಿಲ್ಲ. ಆ ದಾರಿಯಲ್ಲಿ ಸಾಂತಾ ಮಾರಿಯಾ ಅಜೋರ್ಸ್‌ನ ಕೊನೆಯ ನೆಲ. ಅದು ಹಿಂದೆ ಸರಿದರೆ ಪೋರ್ಚುಗಲ್ ತನಕ 750ಕ್ಕೂ ಹೆಚ್ಚು ನಾಟಿಕಲ್ ಮೈಲಿ ಬರೀ ನೀರು. ಬಿಡುವುದಾದರೆ ದ್ವೀಪ ಕಾಣುತ್ತಿರುವಾಗಲೇ ಬಿಡಬೇಕು. ಸಂಜೆವರೆಗೆ ನೋಡೋಣ ಎನ್ನುವಂತಿರಲಿಲ್ಲ.

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕಿಟಕಿ ತೆರೆದಿಟ್ಟು ಮಕ್ಕಳನ್ನು ಕರೆದುಕೊಂಡು ಅಂಗಳದಲ್ಲಿ ನಿಲ್ಲುತ್ತೇವಲ್ಲ, ಬ್ರಿಗ್ಸ್ ಮಾಡಿದ್ದೂ ಅದನ್ನೇ. ಆದರೆ ಅವನ ಮನೆಗೆ ಹಾಯಿ ಇತ್ತು. ಗಾಳಿ ಎದ್ದಿದೆ, ಬಿಚ್ಚಿದ್ದ ಹಾಯಿಗಳು ತುಂಬಿಕೊಂಡಿವೆ, ಹಗ್ಗ ಹರಿದಿದೆ. ಹಾಯಿ ಬಿಚ್ಚಿದ ಹಡಗನ್ನು ಹುಟ್ಟು ಹಾಕಿ ಹಿಡಿಯಲು ಯಾರಿಂದಲೂ ಆಗದು. ನನ್ನ ಮಟ್ಟಿಗೆ ‘ಯಾಕೆ ಇಳಿದ’ ಎಂಬುದು ಈ ಕಥೆಯ ಪ್ರಶ್ನೆಯೇ ಅಲ್ಲ. ಯಾಕೆ ಮರಳಿ ಹತ್ತಲಾಗಲಿಲ್ಲ ಎಂಬುದು.

ನಾನಾಗಿದ್ದರೆ? ನೂರೈವತ್ತು ವರ್ಷ ಆದಮೇಲೆ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ, ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ. ಒಲೆ, ದೀಪ ಆರಿಸುತ್ತಿದ್ದೆ. ಹಾಯಿಗಳನ್ನು ಒಂದರ ಬಲ ಇನ್ನೊಂದು ಮುರಿಯುವಂತೆ ಹೊರಳಿಸಿ ಹಡಗನ್ನು ನಿಂತಲ್ಲೇ ನಿಲ್ಲಿಸುತ್ತಿದ್ದೆ. ಸಾರಾ, ಮಗು, ಜೊತೆಗೆ ಇಬ್ಬರು ಗಟ್ಟಿ ಖಲಾಸಿಗಳನ್ನು ಬೋಟಿಗೆ ಇಳಿಸಿ ಎರಡು ಹಗ್ಗ ಕಟ್ಟುತ್ತಿದ್ದೆ. ಚುಕ್ಕಾಣಿಯಲ್ಲಿ ಒಬ್ಬನನ್ನಾದರೂ ಬಿಡದೆ ಇರುತ್ತಿರಲಿಲ್ಲ, ಬಹುಶಃ ನನ್ನನ್ನೇ. ಅವನೂ ಇದನ್ನೆಲ್ಲ ಯೋಚಿಸಿರಬಹುದು. ಹೆಂಡತಿ ಮಗು ಇಲ್ಲದಿದ್ದರೆ ಉಳಿದೇಬಿಡುತ್ತಿದ್ದನೋ ಏನೋ.

ಇದು 1872ರ ಜನರ ಮಂಕುತನ ಅಂದುಕೊಳ್ಳಬೇಡಿ. 1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆ ಬಿರುಗಾಳಿಗೆ ಸಿಕ್ಕಿತು. 24 ದೋಣಿಗಳನ್ನು ನಾವಿಕರು ತೊರೆದರು. ಅವುಗಳಲ್ಲಿ ಮುಳುಗಿದ್ದು ಐದೇ, ಉಳಿದವು ಆಮೇಲೆ ತೇಲುತ್ತಲೇ ಸಿಕ್ಕವು. ರಾಫ್ಟಿಗೆ ಹಾರಿದವರಲ್ಲಿ ಕೆಲವರು ಸತ್ತರು. ಹಡಗು ಕಾಲಡಿಯಿಂದ ನಿಜಕ್ಕೂ ಹೋಗುತ್ತಿದೆ ಎಂದು ಖಾತ್ರಿಯಾಗದೆ ಬಿಡಬೇಡ ಎಂದು ಇವತ್ತಿಗೂ ಕೆಡೆಟ್‌ಗಳಿಗೆ ಕಲಿಸುವುದು ಇಂಥವನ್ನು ನೋಡಿಯೇ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಬ್ರಿಗ್ಸ್‌ಗೆ ಇಲ್ಲದ್ದು ಅವನಿಗೆ ಬಹಳ ಇದೆ: ಒಡಲಿನ ಗಾಳಿಯಲ್ಲಿ ಎಷ್ಟು ಆಮ್ಲಜನಕ, ಎಷ್ಟು ಆವಿ ಎಂದು ಹೇಳುವ ಮೀಟರು, ಮುಚ್ಚಿದ ಲೈಫ್‌ಬೋಟು, ಉಪಗ್ರಹಕ್ಕೆ ತಾನಾಗಿಯೇ ಸಂಕೇತ ಕಳಿಸುವ ಪೆಟ್ಟಿಗೆ. ಅಲಾರಂ ಹೊಡೆದರೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ನಿಲ್ಲಬೇಕು ಅಷ್ಟೇ. ಹಡಗು ಬಿಡುವ ಆಜ್ಞೆ ಕ್ಯಾಪ್ಟನ್ನನ ಬಾಯಿಂದ ಬರಬೇಕು. ಆದರೂ ಒಂದು ಅಪಾಯ ಹಾಗೇ ಉಳಿದಿದೆ, ಅದನ್ನು ಅವನಿಗೆ ಖಂಡಿತ ಹೇಳಿ. ಮೀಟರು ಹಿಡಿದು ನೋಡದೆ, ಪರ್ಮಿಟ್ ಇಲ್ಲದೆ, ಮುಚ್ಚಿದ್ದ ಟ್ಯಾಂಕಿಗೋ ಹೋಲ್ಡಿಗೋ (ಸರಕಿನ ಒಡಲಿಗೋ) ಇಳಿಯಬಾರದು. ಒಳಗೆ ಬಿದ್ದವನನ್ನು ಎತ್ತುತ್ತೇನೆಂದು ಹಿಂದೆಯೇ ಧುಮುಕಲೂಬಾರದು. ಇಂದು ಹಡಗುಗಳಲ್ಲಿ ಹುಡುಗರು ಸಾಯುವುದು ಆಕ್ಟೋಪಸ್‌ನಿಂದ ಅಲ್ಲ, ಇದರಿಂದ.

ಕೊನೆಯದಾಗಿ ಅವಶೇಷ. ಬ್ರಿಗ್ಸ್ ಕಾಣೆಯಾದ ಮೇಲೂ ಮೇರಿ ಸೆಲೆಸ್ಟ್ ಹನ್ನೆರಡು ವರ್ಷ ಸರಕು ಹೊತ್ತಿತು. 1885ರ ಜನವರಿ 3ರಂದು ಗಿಲ್ಮನ್ ಪಾರ್ಕರ್ ಎಂಬ ಕ್ಯಾಪ್ಟನ್ ಅದನ್ನು ಹೈಟಿ ಬಳಿಯ ರೋಶೆಲ್ವಾ ಎಂಬ ನೀರೊಳಗಿನ ದಿಬ್ಬಕ್ಕೆ ಬೇಕೆಂದೇ ಹತ್ತಿಸಿದ. ಕಸದಂಥ ಸರಕು ತುಂಬಿ 30,000 ಡಾಲರಿಗೆ ವಿಮೆ ಮಾಡಿಸಿದ್ದರು. ಮೋಸ ಬಯಲಾಗಿ ಬಾಸ್ಟನ್ನಿನಲ್ಲಿ ವಿಚಾರಣೆಯಾಯಿತು. ಜ್ಯೂರಿಯಲ್ಲಿ ಒಮ್ಮತ ಬಾರದೆ ಪಾರ್ಕರ್ ಪಾರಾದ, ಆದರೆ ಮೂರೇ ತಿಂಗಳಲ್ಲಿ ಬಡತನದಲ್ಲಿ ಸತ್ತ. 2001ರಲ್ಲಿ ಆ ದಿಬ್ಬದ ಬಳಿ ಅವಶೇಷ ಸಿಕ್ಕಿತೆಂದು ಪ್ರಕಟಿಸಿದರು. ನೀವು ಓದಿದ್ದು ಅದೇ ಇರಬೇಕು. ಆಮೇಲೆ ವಿಜ್ಞಾನಿಗಳು ಅಲ್ಲಿನ ಮರದ ತುಂಡುಗಳ ಬೆಳವಣಿಗೆಯ ಉಂಗುರ ಎಣಿಸಿ ನೋಡಿದರು. ಮೇರಿ ಸೆಲೆಸ್ಟ್ ದಿಬ್ಬಕ್ಕೆ ಬಿದ್ದ ನಂತರವೂ ಆ ಮರಗಳು ಕಾಡಿನಲ್ಲಿ ಬೆಳೆಯುತ್ತಿದ್ದವು. ಸಿಕ್ಕಿದ್ದು ಬೇರೆ ಯಾವುದೋ ಹಡಗು.